ಒಂದೇ ಕೈಯಲ್ಲಿ ಸೈಕಲ್ ರೇಸ್: ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ನಾವು ವಿಜಯಪುರದವರು. ನನ್ನ ತಮ್ಮನ ಮಗಳಿಗೆ 13 ವರ್ಷ. ಹುಟ್ಟಿದಾಗಿನಿಂದ ಎಡಗೈ ಮೊಣಕೈಯಿಂದ ನಾಲ್ಕು ಬೆರಳಿನ ಅಗಲದಷ್ಟು ಕೆಳಗಿನವರೆಗೆ ಮಾತ್ರ ಇದೆ. ನಮ್ಮೂರಲ್ಲಿ ಸೈಕಲ್ ರೇಸಿನ ಹುಚ್ಚು ಗೊತ್ತಲ್ವಾ, ಇವಳಿಗೂ ಅದೇ ಆಸೆ. ಬ್ರಿಟನ್ನಿನ ಸೈಕಲ್ ಪಟು ಸಾರಾ ಸ್ಟೋರಿ ಎಡ ಅಂಗೈ ಇಲ್ಲದೆಯೇ ಪ್ಯಾರಾಲಿಂಪಿಕ್ಸ್‌ನಲ್ಲಿ 19 ಚಿನ್ನ ಗೆದ್ದಿದ್ದಾರೆ ಅಂತ ಹೇಳಿದಾಗಿನಿಂದ ಸುಮ್ನೆ ಕೂರುತ್ತಿಲ್ಲ.

ಹ್ಯಾಂಡಲ್‌ಗೆ ಪಿವಿಸಿ ಪೈಪ್ ಕಾಯಿಸಿ ಬಟ್ಟಲಿನ ಹಾಗೆ ಮಾಡಿ, ಒಳಗೆ ಫೋಮ್ ಅಂಟಿಸಿದೆ. ಅದರಲ್ಲಿ ಕೈ ಊರಿ ಓಡಿಸುತ್ತಾಳೆ. ಅರ್ಧ ಗಂಟೆಗೆ ಬೆವರಿ, ಕೈ ತುದಿ ಉಜ್ಜಿ ಕೆಂಪಾಗುತ್ತದೆ. ಮೊನ್ನೆ ಚರ್ಮ ಸುಲಿದಿತ್ತು. ಪಟ್ಟಿ ಹಾಕಿ ಬಿಗಿಯಲು ನನಗೆ ಧೈರ್ಯವಿಲ್ಲ. ಬಿದ್ದರೆ ಕೈ ತಕ್ಷಣ ಹೊರಗೆ ಬರಬೇಕು, ಇಲ್ಲದಿದ್ದರೆ ಮೂಳೆಗೇ ಪೆಟ್ಟು.

ಇನ್ನೊಂದು ಚಿಂತೆ ಬ್ರೇಕ್. ಈಗ ಬಲಗೈಯಲ್ಲಿ ಹಿಂದಿನದು ಮಾತ್ರ ಇದೆ. ಒಂದೇ ಲಿವರ್ ಎರಡೂ ಕೇಬಲ್ ಎಳೆಯುವಂಥದ್ದು ಎಲ್ಲಿ ಸಿಗುತ್ತದೆ? ಹಿಂದಿನದು ಸ್ವಲ್ಪ ಮೊದಲು ಹಿಡಿಯುವಂತೆ ಸೆಟ್ ಮಾಡುವುದು ಹೇಗೆ?

ಕೃತಕ ಕೈಕಾಲು ಮಾಡುವವರು, ಸೈಕಲ್ ಮೆಕ್ಯಾನಿಕ್‌ಗಳು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಪ್ಲಾಸ್ಟರ್ ಅಚ್ಚು ತೆಗೆಸಲು ಬೆಂಗಳೂರಿಗಾದರೂ ಕರೆದುಕೊಂಡು ಬರುತ್ತೇನೆ. ಬಟ್ಟಲಿನ ಫೋಟೋ ಕಾಮೆಂಟಿನಲ್ಲಿ ಹಾಕಿದ್ದೇನೆ.