ಥೈಮಸ್ ಎದೆಯಲ್ಲಿದೆ, ಇನ್ಸುಲಿನ್ ಹೊಟ್ಟೆಯಲ್ಲಿದೆ: ಟಿ ಕೋಶಕ್ಕೆ ಅದರ ಗುರುತು ಸಿಗುವುದು ಎಲ್ಲಿ?

ಭಾಲ್ಕಿ ಉಪನ್ಯಾಸಕಿ (ಪ್ರಶ್ನೆ)

ನಾನು ಬೀದರ್ ಜಿಲ್ಲೆಯ ಭಾಲ್ಕಿ ಕಡೆ ಪಿಯು ವಿದ್ಯಾರ್ಥಿಗಳಿಗೆ ಜೀವಶಾಸ್ತ್ರ ಕಲಿಸುತ್ತೇನೆ. ದೇಹದ ರೋಗನಿರೋಧಕ ವ್ಯವಸ್ಥೆ ದೇಹವನ್ನೇ ಹಾನಿಗೊಳಿಸುವ ಸ್ವಯಂನಿರೋಧಕ ಕಾಯಿಲೆಗಳ ವಿಷಯ ಪಠ್ಯದಲ್ಲಿ ಒಂದು ಸಣ್ಣ ಪ್ಯಾರಾದಲ್ಲಿ ಮುಗಿದುಹೋಗುತ್ತದೆ. ಅಷ್ಟು ಸಾಲದೆಂದು ನಾನು ಕಪ್ಪುಹಲಗೆಯ ಮೇಲೆ ಎದೆಗೂಡು ಬರೆದು, ಎದೆಯ ಎಲುಬಿನ ಹಿಂದೆ ಥೈಮಸ್ ಗ್ರಂಥಿಯನ್ನು ಗುರುತಿಸಿ, "ಇದು ರೋಗಾಣುಗಳನ್ನು ಎದುರಿಸುವ ಬಿಳಿ ರಕ್ತಕಣಗಳಾದ ಟಿ ಕೋಶಗಳ ಶಾಲೆ, ನಮ್ಮದನ್ನು ಮುಟ್ಟಬಾರದೆಂದು ಅವು ಇಲ್ಲಿ ಕಲಿಯುತ್ತವೆ" ಎಂದು ವಿವರಿಸಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, "ಮೇಡಂ, ಇನ್ಸುಲಿನ್ ತಯಾರಾಗೋದು ಮೇದೋಜೀರಕದಾಗ. ಥೈಮಸ್ ಎದಿಯೊಳಗ ಅದ. ಶಾಲಿಗೇ ಬರದ ಇನ್ಸುಲಿನ್ ಮಾರಿ ಟಿ ಕೋಶಕ್ಕ ಹ್ಯಾಂಗ ಗೊತ್ತಾಗ್ತದ?" ಎಂದು ಕೇಳಿದ. ತರಗತಿ ನಕ್ಕಿತು. ನಾನು ನಗಲಿಲ್ಲ, ಏಕೆಂದರೆ ನನಗೂ ಉತ್ತರ ಗೊತ್ತಿರಲಿಲ್ಲ. ಸೋಮವಾರ ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದೇನೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ ನನ್ನದು. ಥೈಮಸ್ ಹರೆಯದ ನಂತರ ಕುಗ್ಗುತ್ತಾ ಹೋಗಿ, ಅದರ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಅದು ಇಷ್ಟು ಮುಖ್ಯವಾದ ಅಂಗವಾಗಿದ್ದರೆ, ನಡುವಯಸ್ಸು ದಾಟಿದವರೆಲ್ಲರ ದೇಹವೂ ತನ್ನನ್ನು ತಾನೇ ತಿನ್ನತೊಡಗಬೇಕಿತ್ತಲ್ಲವೇ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಿರಿ.

ಕಲಬುರಗಿ ಮೈಕ್ರೋಬಯಾಲಜಿ

ನಮಸ್ಕಾರ ಮೇಡಂ. ಆ ಹುಡುಗನ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಕ್ಕಿದ್ದೇ ಈಚೆಗೆ, ಈ ಶತಮಾನದ ಆರಂಭದ ಹೊತ್ತಿಗೆ. ಆದರೆ ಮೊದಲು 'ಶಾಲೆ' ಎಂಬ ಹೋಲಿಕೆಯನ್ನು ಬಿಟ್ಟುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಪ್ರತಿಯೊಂದು ಟಿ ಕೋಶವೂ ಜೀನುಗಳ ತುಣುಕುಗಳನ್ನು ಕತ್ತರಿಸಿ, ಬಂದಂತೆ ಜೋಡಿಸಿ, ಬೇರೆ ಅಣುಗಳನ್ನು ಗುರುತಿಸಿ ಹಿಡಿಯುವ ತನ್ನ ಗ್ರಾಹಕವನ್ನು (ರಿಸೆಪ್ಟರ್) ಕಟ್ಟಿಕೊಳ್ಳುತ್ತದೆ. ನಾಳೆ ಯಾವ ರೋಗಾಣು ಬರುತ್ತದೆಂದು ಮುಂಚಿತವಾಗಿ ತಿಳಿಯದ ದೇಹಕ್ಕೆ ಬೇರೆ ದಾರಿಯೂ ಇಲ್ಲ. ಹೀಗೆ ಕಣ್ಣುಮುಚ್ಚಿ ಕಟ್ಟಿದ ಗ್ರಾಹಕಗಳಲ್ಲಿ ಕೆಲವು ಏನನ್ನೂ ಹಿಡಿಯಲಾರವು, ಕೆಲವು ನಮ್ಮದೇ ಪ್ರೋಟೀನುಗಳನ್ನು ಬಿಗಿಯಾಗಿ ಹಿಡಿಯುತ್ತವೆ. ಇಂಥ ಕೋಶಗಳಿಗೆ ಥೈಮಸ್ ಬುದ್ಧಿ ಹೇಳುವುದಿಲ್ಲ, ಬಹುಮಟ್ಟಿಗೆ ಆರಿಸಿ ಎಸೆಯುತ್ತದೆ.

ನಮ್ಮ ಭಾಗದವರಿಗೆ ತೊಗರಿಯ ಜರಡಿ ಇದಕ್ಕಿಂತ ಹತ್ತಿರದ ಹೋಲಿಕೆ. ಚಿಕ್ಕಂದಿನಲ್ಲಿ ನಮ್ಮ ಮನೆಯ ಹಿಂದೆಯೇ ಒಂದು ದಾಲ್ ಮಿಲ್ ಇತ್ತು. ಕಾಳು ಸೋಸುವ ಯಂತ್ರದಲ್ಲಿ ಒಂದರ ಕೆಳಗೊಂದು ಎರಡು ಜರಡಿಗಳು ಗಡಗಡ ಅಲುಗಾಡುತ್ತಿದ್ದವು. ಮೇಲಿನದು ಕಡ್ಡಿ, ಹೆಂಟೆಗಳನ್ನು ತಡೆಯುತ್ತಿತ್ತು, ಕೆಳಗಿನದರಿಂದ ನುಚ್ಚು ಮತ್ತು ಮಣ್ಣು ಉದುರಿಹೋಗುತ್ತಿತ್ತು, ನಡುವೆ ಉಳಿದದ್ದು ಮಾತ್ರ ಚೀಲಕ್ಕೆ ಬೀಳುತ್ತಿತ್ತು. ಥೈಮಸ್ ಕೂಡ ಹೀಗೆ ಎರಡು ಕಡೆಯಿಂದ ಸೋಸುತ್ತದೆ. ಅದರ ಹೊರಪದರದಲ್ಲಿ, ಪ್ರೋಟೀನಿನ ತುಣುಕುಗಳನ್ನು ಎತ್ತಿ ತೋರಿಸುವ ಎಂಎಚ್‌ಸಿ ಅಣುಗಳನ್ನು ಕೊಂಚವೂ ಹಿಡಿಯಲಾರದ ಕೋಶಗಳು ಸಾಯುತ್ತವೆ. ಒಳತಿರುಳಿನಲ್ಲಿ, ಆ ಅಣುಗಳ ಮೇಲಿರುವ ಸ್ವಂತ ತುಣುಕುಗಳನ್ನು ಅತಿ ಬಿಗಿಯಾಗಿ ಹಿಡಿದ ಕೋಶಗಳು ಸಾಯುತ್ತವೆ. ಮಿಲ್ಲಿನಲ್ಲಿ ಹೆಚ್ಚಿನ ಪಾಲು ಚೀಲ ಸೇರುತ್ತದೆ. ಇಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಕೋಶಗಳು ಹೊರಗೆ ಬರುವುದೇ ಇಲ್ಲ.

ಈಗ ಇನ್ಸುಲಿನ್ ವಿಷಯ. ಅದು ರಕ್ತದಲ್ಲಿ ಹರಿಯುವುದರಿಂದ ಥೈಮಸ್‌ಗೂ ಅಷ್ಟಿಷ್ಟು ತಲುಪಬಹುದೆಂದು ವಾದಿಸಬಹುದು, ಆದರೆ ಕಣ್ಣಿನ ಅಕ್ಷಿಪಟಲದ ಪ್ರೋಟೀನುಗಳಿಗೆ ಆ ವಾದ ಹೊಂದುವುದಿಲ್ಲ. ನಿಜ ಸಂಗತಿ ಇನ್ನೂ ವಿಚಿತ್ರವಾಗಿದೆ: ಥೈಮಸ್ ತಾನೇ ಇನ್ಸುಲಿನ್ ತಯಾರಿಸುತ್ತದೆ. ಅದರ ಒಳತಿರುಳಿನ ಕೆಲವು ಕೋಶಗಳು ಮೇದೋಜೀರಕದ, ಥೈರಾಯ್ಡಿನ, ಕಣ್ಣಿನ, ಹೀಗೆ ತಮಗೆ ಸಂಬಂಧವೇ ಇಲ್ಲದ ಅಂಗಗಳ ಸಾವಿರಾರು ಪ್ರೋಟೀನುಗಳನ್ನು ಚೂರುಚೂರು ತಯಾರಿಸಿ ಟಿ ಕೋಶಗಳ ಮುಂದೆ ಹಿಡಿಯುತ್ತವೆ. ಇದನ್ನು ಬಹುಪಾಲು ನಡೆಸುವ ಜೀನಿನ ಹೆಸರು ಎಐಆರ್‌ಇ. ಅದು 1997ರಲ್ಲಿ ಪತ್ತೆಯಾದದ್ದು ಫಿನ್ಲೆಂಡಿನಂಥ ಕೆಲವೆಡೆ ಮಾತ್ರ ತುಸು ಹೆಚ್ಚಾಗಿ ಕಾಣುವ ಒಂದು ಅಪರೂಪದ ಆನುವಂಶಿಕ ಕಾಯಿಲೆಯ ಬೆನ್ನು ಹತ್ತಿದಾಗ; ಎರಡೂ ಪ್ರತಿಗಳು ಕೆಟ್ಟ ಮಕ್ಕಳಲ್ಲಿ ಪ್ಯಾರಾಥೈರಾಯ್ಡ್, ಅಡ್ರಿನಲ್ ಮುಂತಾದ ಗ್ರಂಥಿಗಳು ಒಂದಾದ ಮೇಲೊಂದು ಹಾಳಾಗುತ್ತವೆ. ಈ ಜೀನು ಥೈಮಸ್‌ನಲ್ಲಿ ಮಾಡುವ ಕೆಲಸ 2002ರಲ್ಲಿ ಇಲಿಗಳಲ್ಲಿ ಸ್ಪಷ್ಟವಾಯಿತು.

ಆ ಹುಡುಗನಿಗೆ ಇನ್ನೂ ಒಂದು ಮಾತು ಹೇಳಿ. ಇನ್ಸುಲಿನ್ ಜೀನಿನ ಪಕ್ಕದಲ್ಲಿ ಮತ್ತೆ ಮತ್ತೆ ಬರುವ ಡಿಎನ್‌ಎ ತುಣುಕೊಂದಿದೆ, ಅದರ ಉದ್ದ ಎಲ್ಲರಲ್ಲೂ ಒಂದೇ ಅಲ್ಲ. ಉದ್ದನೆಯ ರೂಪವಿದ್ದವರ ಥೈಮಸ್‌ನಲ್ಲಿ ಇನ್ಸುಲಿನ್ ಎರಡು-ಮೂರು ಪಟ್ಟು ಹೆಚ್ಚು ತಯಾರಾಗುತ್ತದೆ, ಮತ್ತು ಅವರಿಗೆ ಟೈಪ್ 1 ಮಧುಮೇಹದ ಅಪಾಯ ಕಡಿಮೆ.

ಬೀದರ್ ಪಶುವೈದ್ಯ

ಮೇಲಿನ ಉತ್ತರಕ್ಕೆ ಕೊಟ್ಟಿಗೆಯ ಕಡೆಯಿಂದ ಒಂದು ಹಿನ್ನೆಲೆ ಸೇರಿಸುತ್ತೇನೆ, ಏಕೆಂದರೆ ಈ ಇಡೀ ಶಾಸ್ತ್ರಕ್ಕೆ ಮೊದಲ ಸುಳಿವು ಕೊಟ್ಟದ್ದು ಅವಳಿ ಕರುಗಳು. ದೇವಣಿ ಆಕಳು ಸಾಕುವ ನಮ್ಮ ಭಾಗದ ಹಿರಿಯ ರೈತರನ್ನು ಕೇಳಿದರೆ, ಹೋರಿ ಕರುವಿನ ಜೊತೆ ಅವಳಿಯಾಗಿ ಹುಟ್ಟಿದ ಹೆಣ್ಣು ಕರು ಬೆಳೆದು ಮಣಕವಾದರೂ ಸಾಮಾನ್ಯವಾಗಿ ಗಬ್ಬ ಕಟ್ಟುವುದಿಲ್ಲ ಎನ್ನುತ್ತಾರೆ. ಅದು ನಿಜ, ಇಂಥ ಹತ್ತು ಕರುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಗೊಡ್ಡಾಗಿಯೇ ಉಳಿಯುತ್ತವೆ. ಗರ್ಭದಲ್ಲಿ ಎರಡೂ ಕರುಗಳ ಮಾಸಿನ ರಕ್ತನಾಳಗಳು ಕೂಡಿಕೊಂಡು, ಗಂಡು ಕರುವಿನ ರಸದೂತಗಳು ಹೆಣ್ಣಿನ ಅಂಡಾಶಯದ ಬೆಳವಣಿಗೆಯನ್ನು ತಡೆಯುತ್ತವೆ.

ಅಮೆರಿಕದ ರೇ ಓವನ್ 1945ರಲ್ಲಿ ಗಮನಿಸಿದ ಸಂಗತಿ ಬೇರೆ. ಇಂಥ ಅವಳಿಗಳಲ್ಲಿ ಒಂದೊಂದರ ಮೈಯಲ್ಲೂ ಎರಡು ಬಗೆಯ ಕೆಂಪು ರಕ್ತಕಣಗಳು ದೊಡ್ಡದಾದ ಮೇಲೂ ಜೊತೆಗೇ ಇದ್ದವು. ಪರರ ಕಣಗಳನ್ನು ದೇಹ ಹೊರಹಾಕಿರಲಿಲ್ಲ. ಬಳಿಕ ಬ್ರಿಟನ್ನಿನ ಪೀಟರ್ ಮೆಡಾವರ್ ಮತ್ತು ಅವರ ಸಂಗಡಿಗರು ಬೇರೆ ತಳಿಯ ಇಲಿಯ ಕೋಶಗಳನ್ನು ಹುಟ್ಟುವ ಮೊದಲೇ ಮರಿಗಳಿಗೆ ಚುಚ್ಚಿ, ಅವು ಬೆಳೆದಾಗ ಆ ತಳಿಯ ಚರ್ಮದ ಕಸಿಯನ್ನು ಒಪ್ಪಿಕೊಳ್ಳುವುದನ್ನು 1953ರಲ್ಲಿ ತೋರಿಸಿದರು. ದೇಹಕ್ಕೆ 'ನಾನು' ಎಂಬುದರ ಪಟ್ಟಿ ಹುಟ್ಟಿನಿಂದ ಬರೆದಿಟ್ಟದ್ದಲ್ಲ, ಸರಿಯಾದ ಹೊತ್ತಿನಲ್ಲಿ ಎದುರಿಗಿದ್ದದ್ದೇ 'ನಾನು' ಆಗುತ್ತದೆ ಎಂದು ಇದರಿಂದ ಗೊತ್ತಾಯಿತು. 1960ರ ನೊಬೆಲ್ ಮೆಡಾವರ್ ಮತ್ತು ಈ ವಿಚಾರವನ್ನು ಮೊದಲು ಮಂಡಿಸಿದ ಬರ್ನೆಟ್ ಇಬ್ಬರಿಗೂ ಸಂದಿತು. ನನ್ನ ಮಟ್ಟಿಗೆ, ಎಲ್ಲವೂ ಆ ಹೊತ್ತಿನ ಮೇಲೆಯೇ ನಿಂತಿದೆ.

ಕಲಬುರಗಿ ಮೈಕ್ರೋಬಯಾಲಜಿ

ಡಾಕ್ಟರ್ ಸಾಹೇಬರೇ, ಅವಳಿ ಕರುಗಳ ವಿಷಯ ಓದಿ ಸಂತೋಷವಾಯಿತು. ಕೊನೆಯ ವಾಕ್ಯವನ್ನು ಮಾತ್ರ ಒಪ್ಪಲಾರೆ, ಮತ್ತು ಒಪ್ಪದಿರುವ ಕಾರಣದಲ್ಲೇ ಮೇಡಂ ಅವರ ಎರಡನೆಯ ಪ್ರಶ್ನೆಗೂ ಅರ್ಧ ಉತ್ತರವಿದೆ.

1961ರಲ್ಲಿ ಜಾಕ್ ಮಿಲ್ಲರ್ ಹುಟ್ಟಿದ ಕೂಡಲೇ ಇಲಿಮರಿಗಳ ಥೈಮಸ್ ತೆಗೆದಾಗ ಅವುಗಳ ಲಿಂಫೋಸೈಟುಗಳು (ಟಿ ಕೋಶಗಳೂ ಸೇರಿದ ಬಿಳಿ ರಕ್ತಕಣಗಳು) ತೀರಾ ಕಡಿಮೆಯಾಗಿ, ಪರಕೀಯ ಚರ್ಮವನ್ನೂ ತಿರಸ್ಕರಿಸಲಾಗದಷ್ಟು ಅವು ದುರ್ಬಲವಾದವು. ಇದು ನಿರೀಕ್ಷಿತವೇ. ಆದರೆ 1969ರಲ್ಲಿ ಜಪಾನಿನ ಇಬ್ಬರು ಸಂಶೋಧಕರು ಮೂರನೆಯ ದಿನ ಥೈಮಸ್ ತೆಗೆದಾಗ ಹೆಣ್ಣಿಲಿಗಳ ಅಂಡಾಶಯಗಳೇ ನಾಶವಾದವು. ಒಂದು ವಾರ ಬಿಟ್ಟು ತೆಗೆದರೆ ಏನೂ ಆಗುತ್ತಿರಲಿಲ್ಲ. ಥೈಮಸ್ ಬರೀ ಕೆಟ್ಟ ಕೋಶಗಳನ್ನು ಕೊಲ್ಲುವ ಜರಡಿಯಾಗಿದ್ದರೆ, ಅದನ್ನು ತೆಗೆದಾಗ ಹೊಸ ಕೆಟ್ಟ ಕೋಶಗಳೂ ನಿಲ್ಲಬೇಕಿತ್ತು, ಕಾಯಿಲೆ ಬರಬಾರದಿತ್ತು. ಈ ಒಗಟಿನ ಹಿಂದೆ ವರ್ಷಗಟ್ಟಲೆ ಬಿದ್ದ ಶಿಮೊನ್ ಸಕಗುಚಿ, ಆರೋಗ್ಯವಂತ ಇಲಿಯ ಟಿ ಕೋಶಗಳನ್ನು ಚುಚ್ಚಿದರೆ ಕಾಯಿಲೆ ತಪ್ಪುತ್ತದೆ ಎಂದು ಕಂಡು, ಆ ಕೋಶಗಳ ಗುರುತನ್ನು 1995ರಲ್ಲಿ ಪ್ರಕಟಿಸಿದರು. ಇವು ನಿಯಂತ್ರಕ ಟಿ ಕೋಶಗಳು: ಜರಡಿಯಿಂದ ತಪ್ಪಿಸಿಕೊಂಡ ಕೋಶಗಳನ್ನು ದೇಹದ ತುಂಬ ಓಡಾಡುತ್ತಾ ತಡೆದು ಹಿಡಿಯುವಂಥವು. ಇಲಿಗಳಲ್ಲಿ ಇವು ತುಸು ತಡವಾಗಿ ಥೈಮಸ್‌ನಿಂದ ಹೊರಡುತ್ತವೆ. ಮೂರನೆಯ ದಿನದ ಶಸ್ತ್ರಚಿಕಿತ್ಸೆ ದಾಳಿ ಮಾಡುವವರು ಹೊರಬಂದ ಮೇಲೆ, ತಡೆಯುವವರು ಸಾಕಷ್ಟು ಹೊರಬರುವ ಮುನ್ನ ಬಾಗಿಲು ಮುಚ್ಚಿತ್ತು. 2001ರಲ್ಲಿ ಮೇರಿ ಬ್ರಂಕೋ ಮತ್ತು ಫ್ರೆಡ್ ರಾಮ್ಸ್‌ಡೆಲ್ ಕಂಡುಹಿಡಿದ ಫಾಕ್ಸ್‌ಪಿ3 ಜೀನು ಈ ಕೋಶಗಳಿಗೆ ಆಧಾರವೆಂದು ಬಳಿಕ ತಿಳಿಯಿತು. ಅದು ಕೆಟ್ಟ ಗಂಡುಶಿಶುಗಳಲ್ಲಿ ಕರುಳು, ಚರ್ಮ, ಮೇದೋಜೀರಕ ಎಳೆವಯಸ್ಸಿನಲ್ಲೇ ಹಾನಿಗೊಳಗಾಗುತ್ತವೆ. ಈ ಮೂವರಿಗೂ 2025ರ ನೊಬೆಲ್ ಬಂದಿದೆ.

ಹಾಗಾಗಿ ಮೇಡಂ, ನಡುವಯಸ್ಸಿನಲ್ಲಿ ಥೈಮಸ್ ಕುಗ್ಗಿದರೂ ಅದು ಮೊದಲೇ ಕಳಿಸಿದ ನಿಯಂತ್ರಕ ಕೋಶಗಳು ಹೊರಗೆ ವಿಭಜಿಸುತ್ತಾ ಕೆಲಸ ಮುಂದುವರಿಸುತ್ತವೆ. ಮಿಲ್ಲಿನಿಂದ ಬಂದ ಬೇಳೆಯನ್ನೂ ಒಲೆಗೆ ಇಡುವ ಮುನ್ನ ಮೊರಕ್ಕೆ ಹಾಕಿ ಕಲ್ಲು ಆರಿಸುತ್ತಾರಲ್ಲ, ಹಾಗೆ.

ಕಲಬುರಗಿ ವೈದ್ಯೆ

ಇಲ್ಲಿಯವರೆಗಿನ ಚರ್ಚೆ ಸಹಿಷ್ಣುತೆ, ಅಂದರೆ ದೇಹ ತನ್ನದನ್ನು ಮುಟ್ಟದೆ ಬಿಡುವ ಗುಣ, ಹೇಗೆ ಮೂಡುತ್ತದೆ ಎಂಬುದರ ಬಗ್ಗೆ. ಅದು ಹೇಗೆ ಮುರಿಯುತ್ತದೆ ಎಂಬುದನ್ನು ನಾನು ಓಪಿಡಿಯಲ್ಲಿ ನೋಡುತ್ತೇನೆ. ನಲವತ್ತರ ಆಸುಪಾಸಿನ ಹೆಣ್ಣುಮಗಳು ಬಂದು, "ಮುಂಜಾನೆ ಎದ್ದಕೂಡ್ಲೇ ಮುಷ್ಟಿ ಕಟ್ಟಾಕ ಬರಲ್ಲರಿ, ರೊಟ್ಟಿ ಬಡಿಯೋದು ದೂರದ ಮಾತು" ಎನ್ನುತ್ತಾಳೆ. ಬಿಸಿನೀರಿನಲ್ಲಿ ಕೈ ಇಟ್ಟು ಒಂದು ತಾಸು ಕಳೆದ ಮೇಲೆ ಬೆರಳು ಸಡಿಲವಾಗುತ್ತವೆ. ಎರಡೂ ಕೈಗಳ ಬೆರಳಿನ ಬುಡದ ಗೆಣ್ಣುಗಳು ಒಂದೇ ರೀತಿ ಊದಿಕೊಂಡು, ಒತ್ತಿದರೆ ಮೆತ್ತಗೆ ಹತ್ತಿ ತುಂಬಿದಂತಿರುತ್ತವೆ. ಇದು ರುಮಟಾಯ್ಡ್ ಸಂಧಿವಾತ. ಇದನ್ನು ಸೂಚಿಸುವ ಪ್ರತಿಕಾಯಗಳು ಎಷ್ಟೋ ರೋಗಿಗಳ ರಕ್ತದಲ್ಲಿ ಕೀಲು ಊದುವುದಕ್ಕೆ ವರ್ಷಗಳ ಮೊದಲೇ ಇರುತ್ತವೆ. ಅಂದರೆ ಸಹಿಷ್ಣುತೆ ಮುರಿದ ದಿನವೂ ನೋವು ಶುರುವಾದ ದಿನವೂ ಬೇರೆ ಬೇರೆ.

ಇದಕ್ಕೆ ಒಂದೇ ಕಾರಣ ಹುಡುಕಿದರೆ ಸಿಗುವುದಿಲ್ಲ. ಅಪಾಯ ಹೆಚ್ಚಿಸುವ ಕೆಲವು ಎಚ್‌ಎಲ್‌ಎ (ಮೇಲೆ ಹೇಳಿದ ಎಂಎಚ್‌ಸಿ ಅಣುಗಳಿಗೆ ಮನುಷ್ಯರಲ್ಲಿರುವ ಹೆಸರು) ಮಾದರಿಗಳು ಹುಟ್ಟಿನಿಂದ ಬಂದಿರುತ್ತವೆ. ಆದರೂ ಒಂದೇ ಅಂಡದ ಅವಳಿಗಳಲ್ಲಿ ಒಬ್ಬರಿಗೆ ಈ ಸಂಧಿವಾತ ಬಂದಾಗ ಇನ್ನೊಬ್ಬರಿಗೂ ಬರುವುದು ನೂರಕ್ಕೆ ಸುಮಾರು 15 ಜೋಡಿಗಳಲ್ಲಿ ಮಾತ್ರ. ಆ ಮಾದರಿ ಇದ್ದವರು ಬೀಡಿ-ಸಿಗರೇಟು ಸೇದಿದರೆ ಅಪಾಯ ಬಹಳ ಹೆಚ್ಚುತ್ತದೆ, ಏಕೆಂದರೆ ಹೊಗೆ ತಾಗಿದ ಶ್ವಾಸಕೋಶದಲ್ಲಿ ಪ್ರೋಟೀನುಗಳ ಅರ್ಜಿನೈನ್ ಎಂಬ ಅಂಶ ಸಿಟ್ರುಲಿನ್ ಆಗಿ ಬದಲಾಗುತ್ತದೆ. ಥೈಮಸ್ ತೋರಿಸಿದ್ದು ಬಹುಶಃ ಆ ಪ್ರೋಟೀನಿನ ಮೂಲ ರೂಪವನ್ನು. ವೇಷ ಬದಲಿಸಿದ ರೂಪ ಟಿ ಕೋಶಕ್ಕೆ ಹೊಸಬನಂತೆ ಕಾಣುತ್ತದೆ. ರುಮ್ಯಾಟಿಕ್ ಜ್ವರದಲ್ಲಿ ದಾರಿ ಬೇರೆ: ಮಗುವಿನ ಗಂಟಲಿಗೆ ಬಂದ ಸ್ಟ್ರೆಪ್ಟೋಕಾಕಸ್ ಬ್ಯಾಕ್ಟೀರಿಯಾದ ಪ್ರೋಟೀನು ಹೃದಯದ ಪ್ರೋಟೀನನ್ನು ಹೋಲುತ್ತದೆ, ಗಂಟಲು ವಾಸಿಯಾಗಿ ಎರಡು-ಮೂರು ವಾರಗಳ ನಂತರ ಅದೇ ಪ್ರತಿಕ್ರಿಯೆ ಹೃದಯದ ಕವಾಟದ ಮೇಲೆ ತಿರುಗುತ್ತದೆ. ಪೆಟ್ಟು ಬಿದ್ದ ಒಂದು ಕಣ್ಣಿನಿಂದ ಅಡಗಿದ್ದ ಪ್ರೋಟೀನುಗಳು ಹೊರಬಿದ್ದು, ಕೆಲವೊಮ್ಮೆ ಪೆಟ್ಟೇ ಬೀಳದ ಇನ್ನೊಂದು ಕಣ್ಣಿಗೂ ಹಾನಿಯಾಗುವುದುಂಟು. ಹೆಣ್ಣು-ಗಂಡಿನ ವ್ಯತ್ಯಾಸವೂ ಇದೆ: ಲೂಪಸ್ ಎಂಬ ಇನ್ನೊಂದು ಸ್ವಯಂನಿರೋಧಕ ಕಾಯಿಲೆಯಲ್ಲಿ ಹತ್ತು ರೋಗಿಗಳಲ್ಲಿ ಒಂಬತ್ತು ಜನ ಹೆಣ್ಣುಮಕ್ಕಳೇ.

ಹೊರಗಿನ ತಡೆ ವಯಸ್ಕರಲ್ಲೂ ದಿನನಿತ್ಯ ಕೆಲಸ ಮಾಡುತ್ತಿದೆ ಎಂಬುದಕ್ಕೆ ಕ್ಯಾನ್ಸರ್ ವಿಭಾಗದಲ್ಲಿ ನೇರ ಸಾಕ್ಷಿ ಇದೆ. ಟಿ ಕೋಶದ ಬ್ರೇಕಿನಂತಿರುವ ಸಿಟಿಎಲ್‌ಎ-4, ಪಿಡಿ-1 ಅಣುಗಳನ್ನು ತಡೆಯುವ ಔಷಧಗಳಿಗೆ ದಾರಿ ಮಾಡಿದ ಸಂಶೋಧನೆಗೆ 2018ರ ನೊಬೆಲ್ ಬಂತು. ಆ ಔಷಧ ಪಡೆದ ಕೆಲವರಲ್ಲಿ ಅದುವರೆಗೆ ಸುಮ್ಮನಿದ್ದ ಕೋಶಗಳು ಥೈರಾಯ್ಡ್ ಅಥವಾ ಕರುಳಿನ ಮೇಲೆ ಬೀಳುತ್ತವೆ. ನಮ್ಮೆಲ್ಲರ ಮೈಯಲ್ಲೂ ಅಂಥ ಕೋಶಗಳಿವೆ, ಬ್ರೇಕು ಹಿಡಿದಿರುವುದರಿಂದ ನಾವು ಆರೋಗ್ಯವಾಗಿದ್ದೇವೆ. ಆದ್ದರಿಂದಲೇ "ಇಮ್ಯುನಿಟಿ ಪವರ್ ಕಮ್ಮಿ ಆಗ್ಯದ" ಎಂದುಕೊಂಡು ಸಂಧಿವಾತದ ರೋಗಿ ಶಕ್ತಿ ಹೆಚ್ಚಿಸುವ ಕಷಾಯ ಕುಡಿಯುವುದು ನನಗೆ ಕಳವಳ ತರುತ್ತದೆ. ಅವರಲ್ಲಿ ಕೆಟ್ಟಿರುವುದು ಬಲವಲ್ಲ, ತಡೆ.

ಭಾಲ್ಕಿ ಉಪನ್ಯಾಸಕಿ

ಎಲ್ಲರಿಗೂ ಕೃತಜ್ಞತೆಗಳು. ಸೋಮವಾರ ಮೂರು ಇಲಿಗಳ ಚಿತ್ರ ಬರೆದು, ಒಂದರ ಕೆಳಗೆ ಮೊದಲ ದಿನ, ಇನ್ನೊಂದರ ಕೆಳಗೆ ಮೂರನೆಯ ದಿನ, ಮತ್ತೊಂದರ ಕೆಳಗೆ ಏಳನೆಯ ದಿನ ಎಂದು ನಮೂದಿಸಿ, ಕಾರಣವನ್ನು ಅವರಿಂದಲೇ ಹೇಳಿಸಲು ಯತ್ನಿಸಿದೆ; ಪ್ರಶ್ನೆ ಕೇಳಿದ್ದ ಹುಡುಗನೇ ಸರಿಯಾದ ಉತ್ತರದ ಹತ್ತಿರ ಬಂದ. ಗಂಟೆ ಹೊಡೆದ ಮೇಲೆ ಒಬ್ಬ ಹುಡುಗಿ ನಿಂತಳು. ಅವಳ ತಮ್ಮನಿಗೆ ಟೈಪ್ 1 ಮಧುಮೇಹ, ದಿನಾ ಇನ್ಸುಲಿನ್ ಚುಚ್ಚುತ್ತಾರೆ. "ನಮ್ಮ ತಮ್ಮನ ಥೈಮಸ್‌ನಾಗ ಇನ್ಸುಲಿನ್ ಕಮ್ಮಿ ಇತ್ತೇನ್ರಿ?" ಎಂದು ಕೇಳಿದಳು. ಏನು ಹೇಳಲಿ?

ಕಲಬುರಗಿ ವೈದ್ಯೆ

ಇದ್ದಿರಬಹುದು, ಇಲ್ಲದಿರಬಹುದು ಎಂದೇ ಹೇಳಿ. ಆ ಜೀನಿನ ವ್ಯತ್ಯಾಸ ಸಾವಿರಾರು ಜನರನ್ನು ಒಟ್ಟಿಗೆ ನೋಡಿದಾಗ ಕಾಣುವ ಅಪಾಯ. ಒಂದು ಮಗುವಿನ ಕಾಯಿಲೆಗೆ ಅದೇ ಕಾರಣವೆಂದು ಬೊಟ್ಟು ಮಾಡಲಾಗದು, ಎಚ್‌ಎಲ್‌ಎ ಜೀನುಗಳ ಪಾಲು ಅದಕ್ಕಿಂತ ದೊಡ್ಡದು. ಅಮೆರಿಕದಲ್ಲಿ 2022ರಲ್ಲಿ ಒಪ್ಪಿಗೆ ಪಡೆದ ಟೆಪ್ಲಿಜುಮ್ಯಾಬ್ ಎಂಬ ಔಷಧ, ರಕ್ತದಲ್ಲಿ ಪ್ರತಿಕಾಯಗಳಿದ್ದು ಸಕ್ಕರೆ ಏರುಪೇರು ಶುರುವಾಗಿದ್ದರೂ ಪೂರ್ಣ ಕಾಯಿಲೆ ಬಂದಿರದವರಲ್ಲಿ, ಅದನ್ನು ಸುಮಾರು ಎರಡು ವರ್ಷ ಮುಂದೂಡುತ್ತದೆ. ಅವಳ ತಮ್ಮ ಆ ಹಂತ ದಾಟಿದ್ದಾನೆ. ತಾಯಿ ಬಸುರಿಯಲ್ಲಿ ಏನು ತಿಂದಳು, ಹುಡುಗ ಎಷ್ಟು ಸಿಹಿ ತಿಂದ ಎಂದು ಮನೆಯಲ್ಲಿ ಯಾರಾದರೂ ದೂರುತ್ತಿದ್ದರೆ, ಅದು ಕಾರಣವಲ್ಲವೆಂದು ಅವಳ ಮೂಲಕ ತಿಳಿಸಿ. ಹಾಗೆಯೇ ಜ್ವರ ಬಂದು ಊಟ ಸೇರದ ದಿನವೂ ಇನ್ಸುಲಿನ್ ಪೂರ್ತಿ ನಿಲ್ಲಿಸದೆ, ಅಂದು ಎಷ್ಟು ಕೊಡಬೇಕೆಂದು ಅವನ ವೈದ್ಯರನ್ನೇ ಕೇಳಬೇಕೆಂದೂ ಹೇಳಿಕಳಿಸಿ.