ಅಪ್‌ಡೇಟ್: ಸಬ್‌ವರ್ಶನ್‌ನಿಂದ ಗಿಟ್‌ಗೆ ಬಂದೆವು, ಹಳೆಯ ದಾಖಲೆಗಳು ಉಳಿದವು

ನಮ್ಮ ಕನ್ನಡ ಕಾಗುಣಿತ ಪರೀಕ್ಷಕದ ಮುಕ್ತ ತಂತ್ರಾಂಶ ಯೋಜನೆಯನ್ನು ಸಬ್‌ವರ್ಶನ್‌ನಿಂದ ಗಿಟ್‌ಗೆ (ಎರಡೂ ಕಡತಗಳ ಬದಲಾವಣೆಗಳನ್ನು ದಾಖಲಿಸಿಡುವ ತಂತ್ರಾಂಶಗಳು) ಸಾಗಿಸಿದರೆ ಹಳೆಯ ಬದಲಾವಣೆಗಳ ದಾಖಲೆ ಕಳೆದುಹೋಗುವುದೇ ಎಂದು ಕೇಳಿದ್ದೆ. ಕಳೆದುಹೋಗಲಿಲ್ಲ; ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ನೀವು ಸೂಚಿಸಿದಂತೆ, ಸಬ್‌ವರ್ಶನ್ ದಾಖಲೆಗಳನ್ನು ಗಿಟ್‌ಗೆ ತರುವ ‘ಗಿಟ್ ಎಸ್‌ವಿಎನ್’ ಸಾಧನವನ್ನು ಬಳಸಿದೆವು. ಅದಕ್ಕೂ ಮೊದಲು, ಪ್ರತಿಯೊಬ್ಬ ಕೊಡುಗೆದಾರರ ಲಾಗಿನ್ ಹೆಸರಿನ ಎದುರು ಪೂರ್ಣ ಹೆಸರು ಮತ್ತು ಇಮೇಲ್ ವಿಳಾಸ ಬರೆದ ಕಡತವೊಂದನ್ನು ಸಿದ್ಧಪಡಿಸಿಕೊಂಡೆವು. ಹೆಚ್ಚು ಸಮಯ ಹಿಡಿದದ್ದು ಈ ಕೆಲಸಕ್ಕೇ. ಗಿಟ್‌ನಲ್ಲಿ ಕಮಿಟ್‌ನ (ದಾಖಲಿಸಿದ ಒಂದೊಂದು ಬದಲಾವಣೆಯ) ಗುರುತನ್ನು ಲೇಖಕರ ಹೆಸರನ್ನೂ ಸೇರಿಸಿಯೇ ಲೆಕ್ಕ ಹಾಕುವುದರಿಂದ, ಎಲ್ಲರೂ ಪ್ರತಿ ಪಡೆದುಕೊಂಡ ಮೇಲೆ ಒಂದೇ ಒಂದು ಹೆಸರನ್ನು ತಿದ್ದಿದರೂ ಅಲ್ಲಿಂದ ಮುಂದಿನ ಗುರುತುಗಳೆಲ್ಲ ಬದಲಾಗಿಬಿಡುತ್ತವೆ. ಯೋಜನೆಯಿಂದ ಎಂದೋ ದೂರವಾದವರ ದುಡಿಮೆಯೂ ಅವರ ಹೆಸರಿನಲ್ಲಿಯೇ ಉಳಿಯಬೇಕೆಂಬುದು ನನ್ನ ದೃಢ ನಿಲುವು.

ಟ್ಯಾಗ್‌ಗಳು (ಆವೃತ್ತಿಗಳಿಗೆ ಅಂಟಿಸಿದ ಹೆಸರುಪಟ್ಟಿಗಳು) ಮಾತ್ರ ರಿಮೋಟ್ ಶಾಖೆಗಳಾಗಿ, ಅಂದರೆ ದೂರದ ಭಂಡಾರದ ಕವಲುಗಳಂತೆ, ಬಂದಿದ್ದವು. ಅವನ್ನು ಒಂದೊಂದಾಗಿ ನಿಜವಾದ ಟ್ಯಾಗ್‌ಗಳಾಗಿ ಪರಿವರ್ತಿಸಿದೆವು. ಖಾಲಿ ಫೋಲ್ಡರ್‌ಗಳನ್ನು ಗಿಟ್ ದಾಖಲಿಸದ ಕಾರಣ, ಪರೀಕ್ಷೆಯ ಫಲಿತಾಂಶಗಳನ್ನು ಬರೆಯುವ ಫೋಲ್ಡರ್ ಮಾಯವಾಗಿ ಬಿಲ್ಡ್ (ತಂತ್ರಾಂಶವನ್ನು ಕಟ್ಟುವ ಪ್ರಕ್ರಿಯೆ) ಒಮ್ಮೆ ನಿಂತೇಹೋಯಿತು. ಅದರೊಳಗೆ ‘.ಗಿಟ್‌ಕೀಪ್’ ಎಂಬ ಖಾಲಿ ಕಡತವನ್ನಿಟ್ಟ ಮೇಲೆ ಸರಿಹೋಯಿತು.

ಹಳೆಯ ಸಬ್‌ವರ್ಶನ್ ಭಂಡಾರವನ್ನು ಓದಲು ಮಾತ್ರ ತೆರೆದಿಟ್ಟಿದ್ದೇವೆ. ಗಿಟ್‌ನಲ್ಲಿ ನೆಟ್‌ವರ್ಕ್ ಇಲ್ಲದೆಯೂ ಕಮಿಟ್ ಮಾಡಬಹುದಾದ್ದರಿಂದ, ಕಳೆದ ವಾರ ಊರಿಗೆ ಹೋಗಿದ್ದ ಸದಸ್ಯರೊಬ್ಬರು, ನೆಟ್‌ವರ್ಕ್ ಇಲ್ಲದ ಕಡೆ ಕುಳಿತು ವಿಭಕ್ತಿ ಪ್ರತ್ಯಯಗಳ ನಿಯಮಗಳನ್ನು ತಿದ್ದಿ, ಅಲ್ಲಿಯೇ ಕಮಿಟ್ ಮಾಡಿ, ಮರಳಿದ ಮೇಲೆ ಎಲ್ಲವನ್ನೂ ಒಟ್ಟಿಗೆ ಕಳುಹಿಸಿದರು.