ಸ್ಕ್ರೂಡ್ರೈವರ್ ಬಗ್ಗುತ್ತದೋ, ಬಳುಕುತ್ತದೋ?

ಗೆಳೆಯರಿಗೆ ನಮಸ್ಕಾರ.

ಚಿಕ್ಕಬಳ್ಳಾಪುರದಲ್ಲಿ ಪಂಪ್‌ಸೆಟ್, ಔಷಧಿ ಹೊಡೆಯುವ ಮೆಷಿನ್ ರಿಪೇರಿ ಕಲಿಯುವ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಟೂಲ್ ಪಟ್ಟಿ ಬರೆಯುತ್ತಿದ್ದೇನೆ. ಸ್ಪ್ಯಾನರ್, ಸ್ಕ್ರೂಡ್ರೈವರ್, ನಟ್ಟು, ಬೋಲ್ಟು ಎಲ್ಲ ಹಾಗೇ ಇರುತ್ತವೆ. ನಿಘಂಟಿನಲ್ಲಿ ‘ತಿರುಪುಳಿ’ ಇದೆ ನಿಜ. ಆದರೆ ಅಂಗಡಿಯಲ್ಲಿ ತಿರುಪುಳಿ ಕೇಳಿದವರು ಬರಿಗೈಲಿ ವಾಪಸ್ ಬರಬೇಕಾಗುತ್ತದೆ. ನನಗೆ ತೊಡಕಾಗಿರುವುದು ‘ಫ್ಲೆಕ್ಸಿಬಲ್’ ಅನ್ನುವುದಕ್ಕೆ ಕನ್ನಡದಲ್ಲಿ ಏನು ಬರೆಯಲಿ ಅನ್ನುವುದು.

ಕೈ ಹೋಗದ ಸಂದಿಯಲ್ಲಿ ಟೈಟ್ ಮಾಡುವ ಟೂಲುಗಳ ಪ್ಯಾಕೆಟ್ ನೋಡಿ. ಬಹಳಷ್ಟರ ಮೇಲೆ ಇದೇ ಪದ. ಒಳಗಿನ ಸಾಮಾನು ಮಾತ್ರ ಬೇರೆ ಬೇರೆ.

ಒಂದರಲ್ಲಿ ಹಿಡಿಗೂ ತುದಿಗೂ ನಡುವೆ ಸ್ಪ್ರಿಂಗಿನಂತೆ ಸುತ್ತಿದ ಶಾಫ್ಟ್ ಇರುತ್ತದೆ. ಉದ್ದಕ್ಕೂ ಎಲ್ಲಿ ಬೇಕಾದರೂ ಬಾಗುತ್ತದೆ, ಬಿಟ್ಟರೆ ನೆಟ್ಟಗಾಗುತ್ತದೆ. ಟ್ಯಾಂಕಿನ ಹಿಂದೆ ಅಡಗಿ ಕೂತ ಪೈಪ್ ಕ್ಲಿಪ್ಪಿಗೆ ಇದು ಸಲೀಸು. ಆದರೆ ಜೋರು ಹಾಕಿದಾಗ ಇದರ ಗುಣ ಗೊತ್ತಾಗುತ್ತದೆ. ಹಿಡಿ ತಿರುಗುತ್ತದೆ, ತುದಿ ಇದ್ದಲ್ಲೇ ಇರುತ್ತದೆ. ನಡುವಿನ ಶಾಫ್ಟು ನುಲಿದುಕೊಂಡು, ಆಮೇಲೆ ತಟ್ಟನೆ ಜಾರಿ ಸ್ಕ್ರೂ ತಲೆಯ ಕಚ್ಚನ್ನೇ ಸವೆಸಿಬಿಡುತ್ತದೆ. ತುಕ್ಕು ಹಿಡಿದ ಬೋಲ್ಟಿಗೆ ಇದನ್ನು ಹಿಡಿಯುವುದು ಸುಮ್ನೆ ಕೈನೋವು.

ಇನ್ನೊಂದು ರ್‍ಯಾಚೆಟ್. ನಟ್ಟಿನಿಂದ ತೆಗೆಯದೆ, ಹಿಂದೆ ಮುಂದೆ ಆಡಿಸಿಯೇ ತಿರುಗಿಸುವ ಟೂಲು. ಇದರ ಹಿಡಿ ಗಟ್ಟಿ, ಒಂಚೂರೂ ಬಾಗುವುದಿಲ್ಲ. ತಲೆ ಮಾತ್ರ ಒಂದು ಪಿನ್ನಿನ ಮೇಲೆ ಆ ಕಡೆ ಈ ಕಡೆ ವಾಲುತ್ತದೆ. ಹಾಗಾಗಿ ಸ್ಪ್ರಿಂಗಿನದ್ದಕ್ಕಿಂತ ಎಷ್ಟೋ ಜಾಸ್ತಿ ಜೋರು ತಡೆಯುತ್ತದೆ. ಬೋಲ್ಟಿನ ತಲೆಗೆ ಕೂರುವ ಸಾಕೆಟ್ಟಿಗೂ ಅದನ್ನು ತಿರುಗಿಸುವ ರಾಡಿಗೂ ನಡುವೆ ಹಾಕುವ ಜಾಯಿಂಟ್ ಮತ್ತೊಂದು. ಟ್ರ್ಯಾಕ್ಟರ್, ಲಾರಿ ಬಿಚ್ಚಿದವರಿಗೆ ಇದು ಯೂಜೆ ಕ್ರಾಸಿನ (ಯೂನಿವರ್ಸಲ್ ಜಾಯಿಂಟಿನ) ಮರಿ. ಕೋನ ಜಾಸ್ತಿಯಾದಷ್ಟೂ ಸಮನಾಗಿ ತಿರುಗದೆ ತಡವರಿಸುತ್ತದೆ, ಇನ್ನೂ ಬಗ್ಗಿಸಿದರೆ ಕಚ್ಚಿಕೊಳ್ಳುತ್ತದೆ. ಕೊನೆಗೆ, ಸಾಕೆಟ್ಟಿನೊಳಗೆ ಕೂರುವ ತುದಿಯ ಚೌಕವನ್ನು ಸ್ವಲ್ಪ ದುಂಡಗೆ ಮಾಡಿದ ಎಕ್ಸ್‌ಟೆನ್ಷನ್ ರಾಡ್. ಸಾಕೆಟ್ಟಿನಲ್ಲಿ ಅದು ಓರೆಯಾಗುವುದು ಸುಮಾರು 15 ಡಿಗ್ರಿಯಷ್ಟೇ. ಎಷ್ಟೋ ಸಲ ಅಷ್ಟೇ ಸಾಕು.

ಈ ನಾಲ್ಕಕ್ಕೂ ‘ಬಗ್ಗುವ’ ಅಂತ ಬರೆದರೆ ಹುಡುಗ ಯಾವುದನ್ನು ಎತ್ತಿಕೊಳ್ಳಬೇಕು?

‘ಬಗ್ಗು’ವಿನಲ್ಲಿ ಇನ್ನೂ ಒಂದು ಕಷ್ಟ ಇದೆ. ‘ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ’ ಅನ್ನುವಾಗ ಬಗ್ಗುವುದು ಒಳ್ಳೆಯ ಗುಣ. ಗ್ಯಾರೇಜಿನಲ್ಲಿ ‘ಸ್ಕ್ರೂಡ್ರೈವರ್ ಬಗ್ಗೋಯ್ತು’ ಅಂದರೆ ಅದರ ಕಥೆ ಮುಗಿಯಿತು ಅಂತ. ‘ಬಗ್ಗುವ ಸ್ಕ್ರೂಡ್ರೈವರ್’ ಅಂತ ಓದಿದವರಿಗೆ ಕಳಪೆ ಕಬ್ಬಿಣ ಅನ್ನಿಸದೇ ಇರುತ್ತದಾ? ನಮ್ಮ ಕಡೆ ಮೆಕ್ಯಾನಿಕ್ಕುಗಳು ತೆಲುಗಿನಲ್ಲಿ ‘ವಂಗೇದಿ ಇವ್ವು’ ಅಂತ ಕೇಳುವುದೂ ಉಂಟು. ಅವರ ವಂಗು, ನಮ್ಮ ಬಗ್ಗು ದಾಯಾದಿಗಳೇ. ಅಲ್ಲಿಗೆ ಹೋದರೂ ತೊಡಕು ಬಿಡುವುದಿಲ್ಲ.

ಸ್ಪ್ರಿಂಗ್ ಶಾಫ್ಟಿಗೆ ನನ್ನ ಓಟು ‘ಬಳುಕುವ’ ಎಂಬುದಕ್ಕೆ. ಬಳುಕಿದ್ದು ಮತ್ತೆ ನೆಟ್ಟಗಾಗುತ್ತದೆ, ಮುರಿಯುವುದಿಲ್ಲ ಅನ್ನುವ ಅರ್ಥ ಆ ಪದದಲ್ಲೇ ಇದೆ. ಬಳ್ಳಿ, ಬೆತ್ತ ಎರಡೂ ಬಳುಕುತ್ತವೆ. ಹೆಂಗಸರ ನಡುವಿಗೇ ಈ ಪದ ಮೀಸಲಾದಂತಾಗಿ, ಟೂಲ್ ಪಟ್ಟಿಯಲ್ಲಿ ಕಂಡರೆ ಹುಡುಗರು ಒಂದು ದಿನ ನಗಬಹುದು. ನಗಲಿ, ಆಮೇಲೆ ಮರೆಯುವುದಿಲ್ಲ.

ರ್‍ಯಾಚೆಟ್ಟಿಗೆ ‘ಮಡಚುವ’ ಅಂತ ಒಬ್ಬರು ಸೂಚಿಸಿದರು. ನನಗೆ ಒಪ್ಪಿಗೆಯಿಲ್ಲ. ಮಡಚುವ ಕುರ್ಚಿ, ಮಡಚುವ ಚಾಕು ಎಲ್ಲ ಎತ್ತಿಡುವಾಗ ಮಡಚುವಂಥವು. ಇದು ಕೆಲಸ ಮಾಡುವಾಗಲೇ ಓರೆಯಾಗುವುದು. ‘ಕತ್ತು ಬಾಗುವ ರ್‍ಯಾಚೆಟ್’ ವಾಸಿ ಅಲ್ವಾ? ಜಾಯಿಂಟಿಗೆ ‘ಕೀಲು’ ಸರಿಹೋಗುತ್ತದೆ. ಬಾಗಿಲಿಗೂ ಮೊಣಕಾಲಿಗೂ ಅದೇ ಪದ ಇದೆ, ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಉಳಿದದ್ದು ಆ 15 ಡಿಗ್ರಿ ರಾಡ್. ‘ಅಲ್ಲಾಡುವ’ ಅಂದರೆ ಲೂಸ್ ಆಗಿದೆ ಅನ್ನುತ್ತಾರೆ. ‘ವಾಲುವ’ ಅಂದರೆ ಬೀಳುವ ಗೋಡೆ ನೆನಪಾಗುತ್ತದೆ. ತುಮಕೂರಿನ ವಸಂತನರಸಾಪುರ, ಅಂತರಸನಹಳ್ಳಿ ಕಡೆಯ ಫ್ಯಾಕ್ಟರಿಗಳಲ್ಲೋ ಕೆಜಿಎಫ್‌ನ ವರ್ಕ್‌ಶಾಪುಗಳಲ್ಲೋ ಕೆಲಸ ಮಾಡಿದವರು ನಮ್ಮಲ್ಲಿದ್ದಾರೆ. ಹೆಲ್ಪರ್ ಹುಡುಗನನ್ನು ಕರೆದು ಈ ರಾಡ್ ತರಲು ನೀವು ಏನಂತ ಹೇಳುತ್ತಿದ್ದಿರಿ? ತಮಿಳೋ ತೆಲುಗೋ ಬೆರೆತ ಮಾತಾದರೂ ಪರವಾಗಿಲ್ಲ, ಬಾಯಲ್ಲಿ ಬರುತ್ತಿದ್ದ ಹಾಗೇ ಬರೆಯಿರಿ.